ಮುಯ್ಯಿ: ಯಾವುದನ್ನು ತೀರಿಸಬೇಕು, ಯಾವುದನ್ನು ಬಿಡಬೇಕು?



ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಿರಿಯರಿಗೆ ‘ಮುಯ್ಯಿ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಡೆದದ್ದನ್ನು ಹಿಂದಿರುಗಿಸುವುದೇ ಮುಯ್ಯಿ. ಮದುವೆಯ ಚಪ್ಪರದಲ್ಲಿ ನೆಂಟರಿಷ್ಟರು ಓದಿಸುವ ಹಣ, ಬಟ್ಟೆ ಮುಯ್ಯಿ. ಶೇಂಗಾ ಕೀಳುವಾಗ ‘ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು’ ಎಂದು ಕೂಲಿಯಿಲ್ಲದೆ ದುಡಿಯುವವರು ಮುಯ್ಯಾಳುಗಳು. ಆದರೆ ಅದೇ ನಾಲಿಗೆ ‘ಮುಯ್ಯಿ ತೀರಿಸದೆ ಬಿಡೆನು’ ಎಂದು ಹಲ್ಲು ಕಡಿದಾಗ ಅದು ಸೇಡು.

ಉಪಕಾರಕ್ಕೂ ಅಪಕಾರಕ್ಕೂ ಒಂದೇ ಮಾತು ಏಕೆ ಬಂತು? ಮನುಷ್ಯನ ಮನಸ್ಸು ಎರಡು ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುತ್ತದೆ. ಉಪಕಾರದ ಪುಟ ಬೇಗ ಮಾಸುತ್ತದೆ. ಗೇಣಗಲದ ಬದುವಿನ ಜಗಳ ಮಾತ್ರ ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿಯುತ್ತದೆ. ಆ ಗೇಣು ನೆಲಕ್ಕಾಗಿ ಎಕರೆಗಟ್ಟಲೆ ಹೊಲ ಕೋರ್ಟಿನ ಪಾಲಾಗುತ್ತದೆ.

ಮದುವೆಯ ಮುಯ್ಯಿ ಹುಟ್ಟಿದ್ದು ಒಂದು ಮನೆಯ ಭಾರವನ್ನು ಹತ್ತು ಮನೆಗಳು ಹೊರಲೆಂದು. ಮಳೆ ಕೈಕೊಡುವ ಈ ಬಯಲುಸೀಮೆಯಲ್ಲಿ ಅದು ಬಡವನಿಗೆ ಆಸರೆ. ಇಂದು ‘ಅವರು ಓದಿಸಿದ್ದಕ್ಕಿಂತ ಕಡಿಮೆಯಾದರೆ ಮಾನ ಹೋದೀತು’ ಎಂದು ಬಡ್ಡಿಗೆ ಹಣ ತರುವವರಿದ್ದಾರೆ. ಕೈ ಬರಿದೆಂದು ಮದುವೆಗೇ ಹೋಗದೆ ಉಳಿಯುವವರೂ ಇದ್ದಾರೆ. ಬಂಧುವನ್ನು ಚಪ್ಪರದಿಂದ ದೂರವಿಡುವ ಮುಯ್ಯಿ ಎಂಥ ಮುಯ್ಯಿ? ಹಣವಿಲ್ಲದವನು ಬಂದು ಬಡಿಸಲು ನಿಂತರೆ ಅದನ್ನೂ ಮುಯ್ಯಿಯೆಂದೇ ಎಣಿಸಬೇಕು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ‘ಮಾಡಿದಷ್ಟು ನೀಡು ಭಿಕ್ಷೆ’ ಎಂದರು. ದುಡಿದವನ ಪಾಲನ್ನು ಉಳಿಸಿಕೊಳ್ಳಬೇಡ ಎಂಬುದು ಅದರ ತಿರುಳು. ನೀರಿಲ್ಲದ ನಾಡಿಗೆ ಅವರು ಕೆರೆ ಕಟ್ಟಿಸಿದರು. ಆ ಕೆರೆಯ ನೀರಿಗೆ ನಾವು ಯಾರಿಗೆ ಮುಯ್ಯಿ ಓದಿಸೋಣ? ಕೊಟ್ಟವರು ಇಂದಿಲ್ಲ. ಹಿಂದಕ್ಕೆ ತೀರಿಸಲಾಗದ್ದನ್ನು ಮುಂದಿನವರಿಗೆ ತೀರಿಸಬೇಕು. ಹೂಳೆತ್ತುವ ಕೈ, ಹಸಿದವನಿಗೆ ನೀಡುವ ಕೈ ಆ ಮುಯ್ಯಿಯನ್ನು ತೀರಿಸುತ್ತದೆ. ಮರಳಿ ಬಂದೀತೆಂಬ ಎಣಿಕೆಯಿಲ್ಲದೆ ನೀಡುವುದನ್ನೇ ಶರಣರು ದಾಸೋಹವೆಂದರು.

ಆದ್ದರಿಂದ ಮನೆಯ ಹಿರಿಯರಲ್ಲಿ ನಮ್ಮದೊಂದು ಮಾತು. ಮುಯ್ಯಿಯ ಪುಸ್ತಕವನ್ನು ಮಕ್ಕಳ ಕೈಗೆ ಕೊಡುವ ಮುನ್ನ ಒಮ್ಮೆ ತೆರೆದು ನೋಡಿರಿ. ಉಪಕಾರದ ಪುಟಗಳನ್ನು ಓದಿ ಹೇಳಿರಿ. ಹಗೆಯ ಪುಟವನ್ನು ನಿಮ್ಮ ಕೈಯಾರೆ ಹರಿದುಹಾಕಿರಿ. ಆ ಬಾಕಿ ನಿಮ್ಮ ತಲೆಗೇ ಮುಗಿಯಲಿ.