ಟೆಸ್ಟರ್ ದೀಪ ಹತ್ತಿದರೆ ಪರೀಕ್ಷೆ ಮುಗಿಯಿತೇ?

ಹತ್ತನೆಯ ತರಗತಿಯ ಗೃಹಬಳಕೆಯ ವಿದ್ಯುತ್ ಮಂಡಲದ ಪಾಠವೆಂದರೆ ಬೋಧನಾಭ್ಯಾಸದಲ್ಲಿ ನಮಗೆ ಅಚ್ಚುಮೆಚ್ಚು. ಚಾರ್ಟ್ ಅಂದವಾಗಿ ಕಾಣುತ್ತದೆ: ಕೆಂಪು ಸಜೀವ ತಂತಿ, ಕಪ್ಪು ತಟಸ್ಥ ತಂತಿ, ಹಸಿರು ಭೂಸಂಪರ್ಕ ತಂತಿ. ಮಕ್ಕಳು ಬಣ್ಣ ಹೇಳುತ್ತಾರೆ, ಅವಲೋಕನ ಪಟ್ಟಿಯಲ್ಲಿ ನಮಗೆ ಅಂಕ ಬೀಳುತ್ತದೆ. ಅದೇ ಶಾಲೆಯ ಅಡುಗೆಕೋಣೆಯ ಗ್ರೈಂಡರಿನಲ್ಲಿ ಆ ಹಸಿರು ತಂತಿ ಇನ್ನೂ ಅಂಟಿಕೊಂಡಿದೆಯೇ ಎಂದು ನೋಡಬೇಕಾದವರು ಯಾರು, ಅವರಿಗೆ ಏನು ತಿಳಿದಿರಬೇಕು ಎಂಬುದು ಮಾತ್ರ ಯಾವ ಪಾಠಯೋಜನೆಯಲ್ಲೂ ಇಲ್ಲ.

ನಾನು ನೋಡಿದ ಒಂದು ಶಾಲೆಯಲ್ಲಿ 'ಚೆಕ್ಕಿಂಗ್' ಎಂದರೆ ಪ್ರತಿ ಸಾಕೆಟ್ಟಿಗೂ ಟೆಸ್ಟರ್ ಚುಚ್ಚಿ, ದೀಪ ಹತ್ತಿದರೆ 'ಸರಿಯಿದೆ' ಎಂದು ಬರೆಯುವುದು. ಆ ದೀಪ ಹೇಳುವುದು ಒಂದೇ ಮಾತು: ಇಲ್ಲಿ ಕರೆಂಟ್ ಇದೆ. ಅರ್ಥಿಂಗ್ ಇಲ್ಲದ ಸಾಕೆಟ್ಟಿನಲ್ಲೂ ಅದು ಅಷ್ಟೇ ಚೆನ್ನಾಗಿ ಹತ್ತುತ್ತದೆ. ಮಲ್ಟಿಮೀಟರ್ ಹಿಡಿದವರೂ ಎಚ್ಚರವಿರಬೇಕು. 24 ಎಳೆಗಳ ಭೂಸಂಪರ್ಕ ತಂತಿಯಲ್ಲಿ 23 ತುಂಡಾಗಿ ಒಂದೇ ಉಳಿದಿದ್ದರೂ ಅದು ಸೊನ್ನೆಗೆ ಹತ್ತಿರದ ರೋಧವನ್ನೇ ತೋರಿಸುತ್ತದೆ, ಏಕೆಂದರೆ ಅದು ಹರಿಸುವ ವಿದ್ಯುತ್ ಅತ್ಯಲ್ಪ. ದೋಷ ಬಂದ ದಿನ ಹತ್ತಾರು ಆಂಪಿಯರ್ ಹರಿದರೆ ಆ ಎಳೆ ಸುಟ್ಟುಹೋಗುತ್ತದೆ.

ಇನ್ನು ನಮ್ಮ ಮಳೆ. ಮೂಡಿಗೆರೆ, ಕಳಸದ ಕಡೆ ಜೂನ್ ಹಿಡಿದರೆ ಗೋಡೆಯೂ ಬೆವರುತ್ತದೆ. ಹೀಟರಿನ ಕೊಳವೆಯೊಳಗೆ ಸುರುಳಿಯ ಸುತ್ತ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಹೀಟರನ್ನು 500 ವೋಲ್ಟಿನ ಮೆಗ್ಗರ್‌ನಿಂದ ಅಳೆದರೆ ಅವಾಹಕ ರೋಧ ಕುಸಿದಿರಬಹುದು. ಒಣಗಿಸಿ ಅಳೆದರೆ ಮತ್ತೆ ಏರಬಹುದು. ಅದು ಕೆಟ್ಟಿದೆಯೋ, ನೆಂದಿದೆಯೋ ಎಂದು ತೀರ್ಮಾನಿಸುವುದು ಮೀಟರಲ್ಲ, ಮನುಷ್ಯ. ತರಬೇತಿ ಬೇಕಿರುವುದು ಆ ತೀರ್ಮಾನಕ್ಕೆ.

ಫ್ಯೂಸ್ ಕಾಪಾಡುತ್ತದೆ ಎನ್ನುವವರಿಗೆ ನಮ್ಮದೇ ಓಮನ ನಿಯಮ ಸಾಕು. ಒದ್ದೆ ಮೈಯ ರೋಧ 1,000 ಓಮ್ ಎಂದಿಟ್ಟುಕೊಳ್ಳಿ; 230 ವೋಲ್ಟಿಗೆ 0.23 ಆಂಪಿಯರ್. ಜೀವ ಹೋಗಲು ಅಷ್ಟು ಬೇಕಾದಷ್ಟಾಯಿತು, 5 ಆಂಪಿಯರ್ ಫ್ಯೂಸಿಗೆ ಅದು ತಿಳಿಯುವುದೂ ಇಲ್ಲ. 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ ಎಷ್ಟು ಶಾಲೆಗಳ ಬೋರ್ಡಿನಲ್ಲಿದೆ, ಮುಂದಿನ ಸಲ ಹೋದಾಗ ನೋಡಿ.

ವೈರಿಂಗ್ ಮಾಡುವವರಿಗೆ ನಮ್ಮಲ್ಲಿ ಪರ್ಮಿಟ್ ಉಂಟು, ಮೇಲ್ವಿಚಾರಕರಿಗೆ ಅರ್ಹತಾಪತ್ರ ಉಂಟು. ಆದರೆ ಪರ್ಮಿಟ್ ಗೋಡೆಯ ಸಾಕೆಟ್ಟಿನ ತನಕದ ಮಾತು, ಐಎಸ್‌ಐ ಗುರುತು ವಸ್ತುವನ್ನು ಕೊಂಡ ದಿನದ ಮಾತು. ಆಮೇಲೆ ಹತ್ತು ವರ್ಷ ಬಳಸಿದ ವಸ್ತುವಿಗೆ ಯಾರು? ಬ್ರಿಟನ್ನಿನಲ್ಲಿ 1989ರ ನಿಯಮಗಳ ಪ್ರಕಾರ ಕೆಲಸದ ಜಾಗದ ಉಪಕರಣ ಸುಸ್ಥಿತಿಯಲ್ಲಿರಬೇಕು. ಪರೀಕ್ಷಿಸುವವರು ಎಲೆಕ್ಟ್ರಿಷಿಯನ್ನೇ ಆಗಬೇಕಿಲ್ಲ, ಆದರೆ ಆ ಕೆಲಸಕ್ಕೆ ಸಮರ್ಥರಾಗಿರಬೇಕು. ಹೆಚ್ಚಿನ ದೋಷಗಳು ಕಣ್ಣಿಗೇ ಸಿಗುತ್ತವೆ ಎಂಬುದು ಅಲ್ಲಿನವರ ಅನುಭವ: ಮುರಿದ ಅರ್ಥ್ ಪಿನ್, ಸುಟ್ಟ ಪ್ಲಗ್, ಇನ್ಸುಲೇಷನ್ ಟೇಪ್ ಸುತ್ತಿದ ವೈರು. ಇಷ್ಟನ್ನು ವಿಜ್ಞಾನ ಶಿಕ್ಷಕರು ನೋಡಬಲ್ಲರು.

ಇದನ್ನು ಬರೆಯುವಾಗಲೇ ಒಂದು ಅಳುಕು. ಗಣತಿ, ಬಿಸಿಯೂಟದ ಲೆಕ್ಕಗಳ ಜೊತೆಗೆ ಕರೆಂಟ್ ಕೆಲಸವನ್ನೂ ಶಿಕ್ಷಕರ ತಲೆಗೆ ಕಟ್ಟಿಬಿಟ್ಟಾರು! ಅದಕ್ಕೇ ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲು ಕಲಿಸಬೇಕು. ಪ್ಲಗ್ ಕಿತ್ತ ಉಪಕರಣವನ್ನು ಕಣ್ಣಲ್ಲಿ ನೋಡುವವರೆಗೆ ನಾವು. ಮೆಗ್ಗರ್ ಹಿಡಿಯುವುದು, ಬಿಚ್ಚುವುದು, ದುರಸ್ತಿ ಎರಡು ವರ್ಷ ಐಟಿಐಯಲ್ಲಿ ಕಲಿತು ಬಂದವರಿಗೆ.

ನಮ್ಮ ವಿಧಾನ ತರಗತಿಗೆ ಒಬ್ಬ ಐಟಿಐ ಬೋಧಕರನ್ನು ಒಂದು ದಿನ ಕರೆಯಿರಿ. ಮೌಲ್ಯಮಾಪನಕ್ಕೆ ಲಿಖಿತ ಪರೀಕ್ಷೆ ಬೇಡ. ಕರೆಂಟ್ ಕೊಡದ ಮೂರು ಉಪಕರಣಗಳನ್ನು ಮೇಜಿನ ಮೇಲಿಡಿ. ಎರಡರ ದೋಷ ಕಣ್ಣಿಗೆ ಕಾಣಲಿ, ಮೂರನೆಯದು ಕಾಣದಿರಲಿ. ಅದಕ್ಕೆ 'ಇದು ನನ್ನಿಂದ ಹೇಳಲಾಗದು, ಬಳಸಬೇಡಿ, ಗೊತ್ತಿದ್ದವರಿಗೆ ತೋರಿಸಿ' ಎಂದು ಚೀಟಿ ಅಂಟಿಸಿದ ಪ್ರಶಿಕ್ಷಣಾರ್ಥಿಗೆ ಪೂರ್ತಿ ಅಂಕ ಕೊಡಿ. ಈಗಿರುವ ಅವಲೋಕನ ಪಟ್ಟಿಯಲ್ಲಿ ಆ ಉತ್ತರಕ್ಕೆ ಒಂದು ಕಾಲಮ್ಮೂ ಇಲ್ಲ.