ಕಾಡಿನ ಮನೆಯಲ್ಲಿ ಅತಿಥಿಯ ಧರ್ಮ



ಬೇಸಿಗೆಯ ರಜೆ ಬಂತೆಂದರೆ ಹಿಂದೆ ನಮ್ಮ ಮನೆಗಳಲ್ಲಿ ಎರಡೇ ಪ್ರಯಾಣಗಳಿದ್ದವು. ಒಂದು ಮಕ್ಕಳ ಅಜ್ಜಿಯ ಊರಿಗೆ, ಇನ್ನೊಂದು ಮನೆದೇವರ ಬೆಟ್ಟಕ್ಕೆ. ಈಗ ಕಾಲ ಬದಲಾಗಿದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರ ಮಕ್ಕಳು, ಕೃಷ್ಣರಾಜನಗರದ ಭತ್ತದ ಗದ್ದೆಗಳಲ್ಲಿ ಆಡಿ ಬೆಳೆದವರು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ದುಡಿಯುತ್ತಿದ್ದಾರೆ. ಜೈಸಲ್ಮೇರಿನ ಮರಳುಗಾಡಿನ ಗುಡಾರಗಳಲ್ಲಿ ತಂಗಿ ಬಂದವರೂ, ಆಫ್ರಿಕದ ಕಾಡಿನ ವಸತಿಗಳಲ್ಲಿ ಇದ್ದು ಸಿಂಹವನ್ನು ಕಂಡು ಬಂದವರೂ ನಮ್ಮ ಬಂಧುಗಳಲ್ಲಿದ್ದಾರೆ. ಅಂಥದೇ ವೈಭವದ ವಸತಿಗೃಹಗಳು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ತೀರದಲ್ಲಿಯೇ ಇವೆ. ಒಂದು ರಾತ್ರಿಗೆ ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂಗುವವರು ದೇಶದ ಮೂಲೆಮೂಲೆಗಳಿಂದ ಅಲ್ಲಿಗೆ ಬರುತ್ತಾರೆ.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಿನಲ್ಲಿ ನಮ್ಮ ಅಳಿಯಂದಿರು ಅಂಥ ಒಂದು ವಸತಿಗೃಹದಲ್ಲಿ ಎರಡು ದಿನಗಳ ವಾಸಕ್ಕೆ ಏರ್ಪಾಡು ಮಾಡಿದರು. ಎಂಬತ್ತು ದಾಟಿದ ನಮ್ಮ ಅತ್ತೆಯವರನ್ನೂ ಕರೆದೊಯ್ದೆವು. ಅವರು ಮೊದಲು ಒಪ್ಪಲಿಲ್ಲ. ಕಾರಣವನ್ನು ಹೇಳಲೂ ಇಲ್ಲ. ಮೊಮ್ಮಗಳು ಹಟ ಹಿಡಿದ ಮೇಲೆ ಹೊರಟರು.

ಮೈಸೂರಿನಿಂದ ಹ್ಯಾಂಡ್‌ಪೋಸ್ಟ್, ಅಂತರಸಂತೆಗಳ ಮೇಲೆ ಹೋದರೆ ಕಾರಾಪುರ ಸಿಗುತ್ತದೆ. ಇಲ್ಲಿನ ಕಾಕನಕೋಟೆಯ ಕಾಡು ಮಹಾರಾಜರ ಕಾಲದಲ್ಲಿ ಖೆಡ್ಡಾಕ್ಕೆ ಹೆಸರಾಗಿತ್ತು. ಆನೆಗಳ ಹಿಂಡನ್ನು ಹೊಳೆಯ ಕಡೆಗೆ ಅಟ್ಟಿ ಹಿಡಿಯುವುದನ್ನು ನೋಡಲು ವೈಸರಾಯರೂ ಬರುತ್ತಿದ್ದರು. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ದಸರೆಯ ಅಂಬಾರಿಯನ್ನು ಹೊತ್ತ ಅರ್ಜುನನೂ 1968ರಲ್ಲಿ ಈ ಕಾಡಿನಲ್ಲಿಯೇ ಹಿಡಿದ ಆನೆ. ಮುಂದೆ 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿಯಿತು. 19.52 ಟಿ.ಎಂ.ಸಿ. ಅಡಿ ನೀರು ನಿಲ್ಲುವ ಜಲಾಶಯದಲ್ಲಿ ಕಾಡೂ ಮುಳುಗಿತು, ಹೊಲಗದ್ದೆಗಳೂ ಹಳ್ಳಿಗಳೂ ಮುಳುಗಿದವು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಹುಟ್ಟಿ, ಕಾರಾಪುರದ ಹಳೆಯ ಬಂಗಲೆಗಳನ್ನು ಪ್ರವಾಸಿಗಳ ತಂಗುದಾಣವಾಗಿಸಿತು. ಖಾಸಗಿಯವರು ಅನಂತರ ಬಂದರು.

ನಾವು ಹೋದ ದಿನ ಸಂಜೆ ದೋಣಿಯಲ್ಲಿ ಕರೆದೊಯ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಜಲಾಶಯದ ನೆಲ ತೆರೆದುಕೊಳ್ಳುತ್ತದೆ. ಅಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಸುತ್ತಣ ಕಾಡು ಒಣಗಿರುವಾಗ ಆನೆಗಳು ಹಿಂಡುಹಿಂಡಾಗಿ ಈ ಹುಲ್ಲಿಗೂ ನೀರಿಗೂ ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಸ್ಥಳಗಳು ವಿರಳ. ಮರಿಗಳನ್ನು ನಡುವೆ ಇರಿಸಿಕೊಂಡು ಮೇಯುತ್ತಿದ್ದ ಹಿಂಡನ್ನು ಕಂಡು ದೋಣಿಯಲ್ಲಿದ್ದವರೆಲ್ಲ ಚಿತ್ರ ತೆಗೆಯುವುದರಲ್ಲಿ ಮುಳುಗಿದ್ದರು.

ಅತ್ತೆಯವರು ಮಾತ್ರ ದೂರದ ಒಂದು ದಿಬ್ಬವನ್ನು ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಮೊಮ್ಮಗಳ ಕೈಹಿಡಿದು, “ಮಗಾ, ಅದೇ ಕಣವ್ವ ನಮ್ಮಪ್ಪನ ಹೊಲದ ದಿಬ್ಬ” ಎಂದರು. ಅವರ ತವರು ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಒಂದೆಂಬುದು ನಮಗೆ ತಿಳಿದಿತ್ತು. ಆ ನೆಲ ಇಂದು ನಾವು ಹಣ ತೆತ್ತು ನೋಡುವ ನೋಟವಾಗಿದೆ ಎಂಬುದು ಹೊಳೆದಿರಲಿಲ್ಲ. “ನಾವು ಉತ್ತ ನೆಲದಲ್ಲಿ ಆನೆ ಮೇಯ್ತಾ ಅದೆ. ಮೇಯ್ಲಿ ಬಿಡು, ಅದ್ಕೂ ಹೊಟ್ಟೆ ಅದಲ್ಲ” ಎಂದಷ್ಟೇ ಹೇಳಿ ಅವರು ಸುಮ್ಮನಾದರು.

ಆ ರಾತ್ರಿ ನಮಗೆ ಊಟ ಬಡಿಸಿದವನು ಜೇನುಕುರುಬರ ಯುವಕ. ಅವನು ನಮ್ಮನ್ನೆಲ್ಲ ‘ಸಾರ್’, ‘ಮೇಡಂ’ ಎನ್ನುತ್ತಿದ್ದ. ಅತ್ತೆಯವರು, “ಮೇಡಂ ಅನ್ಬೇಡ ಕಣಪ್ಪ, ಅವ್ವ ಅನ್ನು. ಯಾವೂರು ನಿಂದು?” ಎಂದು ವಿಚಾರಿಸಿದರು. ಅವನ ತಾತ ಕಾಡಿನೊಳಗಿನ ಹಾಡಿಯಲ್ಲಿದ್ದವರು. ತಂದೆಯ ಕಾಲಕ್ಕೆ ಕುಟುಂಬವನ್ನು ಹುಣಸೂರು ತಾಲ್ಲೂಕಿನ ಪುನರ್ವಸತಿ ಕೇಂದ್ರಕ್ಕೆ ಕಳುಹಿಸಲಾಯಿತು. “ಈಗ ನಮ್ ಹಾಡಿ ಜಾಗ ನೋಡ್ಬೇಕಂದ್ರೆ ನಿಮ್ಮಂಥೋರ ಜೀಪಲ್ಲೇ ಹೋಗ್ಬೇಕು ಅವ್ವಾ” ಎಂದು ಅವನು ನಕ್ಕ. ಒಬ್ಬರ ಊರನ್ನು ನೀರು ತೆಗೆದುಕೊಂಡಿತು, ಇನ್ನೊಬ್ಬನ ಹಾಡಿಯನ್ನು ಕಾಡಿನ ಕಾನೂನು ತೆಗೆದುಕೊಂಡಿತು. ಅವರಿಬ್ಬರೂ ಮಾತನಾಡುತ್ತಿದ್ದ ಊಟದ ಮೇಜಿನಲ್ಲಿ ನಾವು ಅತಿಥಿಗಳೆಂದು ಕುಳಿತಿದ್ದೆವು.

ಅಂದಿನಿಂದ ನಮ್ಮನ್ನು ಒಂದು ಪ್ರಶ್ನೆ ಕಾಡುತ್ತಿದೆ. ಅತಿಥಿ ಸತ್ಕಾರದ ಬಗೆಗೆ ನಮ್ಮ ಪರಂಪರೆ ಬಹಳ ಹೇಳಿದೆ. ಮನೆಗೆ ಬಂದವರಲ್ಲಿ ಜಂಗಮವನ್ನು ಕಾಣು, ದಾಸೋಹ ಮಾಡು ಎಂದು ಶರಣರು ಕಲಿಸಿದರು. ಆದರೆ ನಾವೇ ಅತಿಥಿಗಳಾದಾಗ ನಮ್ಮ ಧರ್ಮವೇನು? ಹಣ ಕೊಟ್ಟೊಡನೆ ಋಣ ತೀರಿತೆ? ವಸತಿಗೃಹದವರಿಗೆ ಸಲ್ಲಬೇಕಾದುದು ಹಣದಿಂದ ತೀರಬಹುದು. ನೆಲ ಬಿಟ್ಟವರಿಗೆ, ಕಾಡು ಬಿಟ್ಟವರಿಗೆ, ಆ ಮೂಕ ಜೀವಿಗಳಿಗೆ ಸಲ್ಲಬೇಕಾದುದು ಹಾಗೆ ತೀರುವುದಿಲ್ಲ.

ಇದು ಭಾವುಕತೆಯ ಮಾತೆಂದು ಯಾರೂ ತಿಳಿಯಬಾರದು. 1990ರ ದಶಕದಲ್ಲಿ ನಾಗರಹೊಳೆ ಉದ್ಯಾನದೊಳಗಿನ ಮೂರ್ಕಲ್‌ನಲ್ಲಿ ಒಂದು ದೊಡ್ಡ ಹೋಟೆಲ್ ಸಂಸ್ಥೆಗೆ ವಿಹಾರಧಾಮ ನಡೆಸಲು ಸರ್ಕಾರ ಗುತ್ತಿಗೆ ಕೊಟ್ಟಿತ್ತು. ಹಾಡಿಯ ಜನರಿಗೆ ಗೆಡ್ಡೆಗೆಣಸು ಅಗೆಯಲು ಅಡ್ಡಿಯಿದ್ದ ಕಾಡಿನಲ್ಲಿ ಪ್ರವಾಸಿಗಳ ಕೊಠಡಿಗಳು ಏಳುತ್ತಿದ್ದವು. ಆದಿವಾಸಿಗಳು ಹೋರಾಡಿದರು, ನ್ಯಾಯಾಲಯಕ್ಕೂ ಹೋದರು. ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು 1997ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ತೀರ್ಪು ನೀಡಿತು.

ಕಾಡಿನ ಅಂಚಿನ ರೈತರ ಕಷ್ಟವಂತೂ ಇಂದಿನದು. ಈಗ ಬೇರೆ ತಾಲ್ಲೂಕಾಗಿರುವ ಸರಗೂರಿನ ಕಡೆ 2025ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹುಲಿಯ ಬಾಯಿಗೆ ರೈತರು ಬಲಿಯಾದರು. ಸಫಾರಿ ವಾಹನಗಳ ಓಡಾಟವೇ ಪ್ರಾಣಿಗಳನ್ನು ಹೊರಗಟ್ಟುತ್ತಿದೆ ಎಂದು ಹಳ್ಳಿಗರು ಸಿಟ್ಟಾದರು. ಆ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸುವಂತೆ ಅರಣ್ಯ ಸಚಿವರು ಆದೇಶಿಸಿದರು. ಸಿಬ್ಬಂದಿಯನ್ನು ರೈತರ ನೆರವಿಗೆ ಕಳುಹಿಸಬೇಕೆಂಬುದು ಅದರ ಆಶಯವಾಗಿತ್ತು. ಸಫಾರಿಯನ್ನೇ ನಂಬಿದ ಚಾಲಕರೂ ಅಡುಗೆಯವರೂ ಇದೇ ಹಳ್ಳಿಗಳವರು. ಹೊಲಕ್ಕೆ ಹೋಗಲು ಅಂಜುವ ರೈತ ಒಂದು ಮನೆಯಲ್ಲಿ, ದುಡಿಮೆ ನಿಂತ ಮಗ ಪಕ್ಕದ ಮನೆಯಲ್ಲಿ. ದೂರದಲ್ಲಿ ಕುಳಿತು ಇವರಲ್ಲಿ ಒಬ್ಬರ ಪಕ್ಷ ವಹಿಸುವುದು ಸುಲಭ. ಅದರಿಂದ ಯಾರಿಗೂ ನೆಮ್ಮದಿ ಸಿಗದು.

ಹಾಗೆಂದು ಹೋಗಲೇಬೇಡಿ ಎಂದು ನಾವು ಹೇಳುವುದಿಲ್ಲ. ಹೋಗುವವರು ನಾಲ್ಕು ಮಾತುಗಳನ್ನು ನೆನಪಿನಲ್ಲಿಡಬೇಕೆಂಬುದು ನಮ್ಮ ವಿನಂತಿ.

ಮೊದಲನೆಯದು, ನಮ್ಮ ಆಚಾರ. ಬೆಳಗಿನ ಸಫಾರಿ ಸೂರ್ಯೋದಯದ ಹೊತ್ತಿಗೇ ಹೊರಡುತ್ತದೆ. ಇಷ್ಟಲಿಂಗ ಪೂಜೆಯನ್ನು ಬಿಡದವರು ಬಿಸಿನೀರಿನ ವೇಳೆಯನ್ನು ಹಿಂದಿನ ರಾತ್ರಿಯೇ ಕೇಳಿ ಇಟ್ಟುಕೊಳ್ಳಬೇಕು. ಅತ್ತೆಯವರು ನಾಲ್ಕೂವರೆಗೆ ಎದ್ದು, ಪೂಜೆ ಮುಗಿಸಿ, ನಮಗಿಂತ ಮೊದಲೇ ಅಂಗಳದಲ್ಲಿ ಕುಳಿತಿದ್ದರು. ಸಸ್ಯಾಹಾರವನ್ನು ಬೇರೆ ಪಾತ್ರೆಯಲ್ಲಿ ಮಾಡಿಕೊಡಿರೆಂದು ಮುಂಚಿತವಾಗಿ ಕೇಳಲು ಸಂಕೋಚ ಬೇಡ.

ಎರಡನೆಯದು, ಪ್ರಸಾದಬುದ್ಧಿ. ಅಲ್ಲಿ ಬಗೆಬಗೆಯ ಭಕ್ಷ್ಯಗಳನ್ನು ಸಾಲಾಗಿ ಇಟ್ಟಿರುತ್ತಾರೆ. ತಟ್ಟೆಯ ತುಂಬ ಬಡಿಸಿಕೊಂಡು ಅರ್ಧ ಬಿಟ್ಟು ಏಳುವವರನ್ನು ಕಂಡೆವು. ಮೊದಲ ದಿನ ನಮ್ಮ ಮೊಮ್ಮಗಳೂ ಹಾಗೆಯೇ ಮಾಡಿದಳು. ಪ್ರಸಾದದ ಒಂದು ಅಗುಳನ್ನೂ ಚೆಲ್ಲದ ಮನೆತನ ನಮ್ಮದೆಂದು ಮುತ್ತಜ್ಜಿ ಹೇಳಿದ ಮೇಲೆ ಮರುದಿನ ಅವಳ ತಟ್ಟೆ ಬರಿದಾಗಿತ್ತು.

ಮೂರನೆಯದು, ಮೌನ. ನಮ್ಮ ಜೀಪಿನಲ್ಲಿದ್ದ ಒಬ್ಬರು, ಇಷ್ಟು ಹಣ ಕೊಟ್ಟರೂ ಹುಲಿ ಕಾಣಲಿಲ್ಲವೆಂದು ಚಾಲಕನನ್ನು ಗದರಿಸಿದರು. ಹುಲಿ ಯಾರ ಸಂಬಳದ ಆಳೂ ಅಲ್ಲ. ಚಾಲಕನನ್ನು ಅವಸರಪಡಿಸುವುದು, ಕೂಗುವುದು, ತಿಂಡಿ ಎಸೆಯುವುದು ಯಾವುದೂ ಅತಿಥಿಯ ನಡೆಯಲ್ಲ.

ನಾಲ್ಕನೆಯದು, ಕಾಯಕಕ್ಕೆ ಗೌರವ. ಬಡಿಸುವವರ, ದೋಣಿ ನಡೆಸುವವರ ಹೆಸರನ್ನು ಕೇಳಿರಿ, ಊರನ್ನು ಕೇಳಿರಿ. ದಾರಿಯ ಅಂಗಡಿಗಳಲ್ಲಿಯೇ ಹಣ್ಣು, ಜೇನು ಕೊಳ್ಳಿರಿ. ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂಬುದನ್ನೂ ವಿಚಾರಿಸಿರಿ. ಅದು ನಿಂತಿದ್ದರೆ ಬೇಸರಪಡದೆ, ನಿಂತ ಕಾರಣವನ್ನು ಮಕ್ಕಳಿಗೆ ತಿಳಿಯಹೇಳಿರಿ.

ಹಿಂದಿರುಗುವಾಗ ನಾವು ಹಿನ್ನೀರಿನ ದಡದ ಭೀಮನಕೊಲ್ಲಿ ಮಹದೇಶ್ವರನ ಸನ್ನಿಧಿಗೆ ಹೋದೆವು. ಹುಲಿಯನ್ನೇರಿದ ಮಾದಪ್ಪನಿಗೆ ತಲೆಮಾರುಗಳಿಂದ ನಡೆದುಕೊಳ್ಳುವ ಒಕ್ಕಲು ನಾವು. ಅವನ ವಾಹನಕ್ಕೂ ಒಂದು ಕಾಡು ಬೇಕು, ಅವನ ಒಕ್ಕಲಿಗೂ ಒಂದು ಹೊಲ ಬೇಕು. ಅತ್ತೆಯವರು ಕೈಮುಗಿದು ಹೊರಬಂದು, ಸೆರಗಿನ ಗಂಟಿನಿಂದ ನೂರು ರೂಪಾಯಿ ತೆಗೆದು ಮೊಮ್ಮಗಳ ಕೈಗಿತ್ತರು. “ನೆನ್ನೆ ಬಡಿಸಿದ ಆ ಹುಡುಗನಿಗೆ ಕೊಡೋದ ಮರ್ತೆ. ಮುಂದಿನ ಸಲ ಬಂದಾಗ ಮರೀದೆ ಕೊಡು ಮಗಾ” ಎಂದರು.

ಅವರು ಈಗಿಲ್ಲ. ಆ ನೋಟು ಮೊಮ್ಮಗಳ ಪುಸ್ತಕದೊಳಗೆ ಇನ್ನೂ ಇದೆ. ಈ ವರ್ಷ ಅದನ್ನು ತಲುಪಿಸಿ ಬರಬೇಕೆಂದು ನಿಶ್ಚಯಿಸಿದ್ದೇವೆ.