ಇದು ಸ್ತೋತ್ರವೇ?

ಕಳೆದ ತಿಂಗಳು ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಮಗುವಿನ ಹುಟ್ಟುಹಬ್ಬದ ಊಟವಿತ್ತು. ಕ್ರೈಸ್ತ ಮನೆಗಳ ವಾಡಿಕೆಯಂತೆ ಊಟಕ್ಕೆ ಮುನ್ನ ಎಲ್ಲರೂ ಎದ್ದು ನಿಂತು ತಲೆಬಾಗಿದೆವು. ಏಳು ವರ್ಷದ ಆ ಮಗುವೇ ಪ್ರಾರ್ಥನೆ ಮಾಡಿತು. ಅಪ್ಪ, ಅಮ್ಮ, ಹೊಸ ಸೈಕಲ್ಲು, ಕೇಕು ಎಲ್ಲಕ್ಕೂ ಮುದ್ದಾದ ಸ್ವರದಲ್ಲಿ ಸ್ತೋತ್ರ ಹೇಳಿ, ಕೊನೆಯಲ್ಲಿ "ಪಾಪದ ಮಕ್ಕಳ ಹಾಗೆ ನನ್ನನ್ನು ಮಾಡಲಿಲ್ಲವಲ್ಲ ದೇವರೇ, ಅದಕ್ಕೂ ಸ್ತೋತ್ರ" ಎಂದಿತು. ನಮ್ಮ ಕರಾವಳಿಯಲ್ಲಿ ಬಡವರನ್ನು ಪಾಪದವರು ಎನ್ನುವುದು ರೂಢಿ. ಹಿರಿಯರೆಲ್ಲ ಮೆಚ್ಚುಗೆಯಿಂದ ಆಮೆನ್ ಎಂದರು. ನಾನೂ ಎಂದೆ. ಕಣ್ಣು ತೆರೆದಾಗ ಅಡುಗೆಮನೆಯ ಬಾಗಿಲಲ್ಲಿ ಅನ್ನದ ಪಾತ್ರೆ ಹಿಡಿದು ನಿಂತಿದ್ದ ಕೆಲಸದಾಕೆ ಕಂಡಳು. ಅವಳ ಸೆರಗಿನ ಹಿಂದೆ ಅದೇ ವಯಸ್ಸಿನ ಅವಳ ಮಗಳು ನಿಂತಿದ್ದಳು.

ಅಂದಿನಿಂದ ಆ ಆಮೆನ್ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಮಗುವಿನದು ತಪ್ಪಲ್ಲ, ಕಲಿಸಿದ ಪಾಠವನ್ನು ಅದು ಒಪ್ಪಿಸಿತು ಅಷ್ಟೇ. ತಟ್ಟೆಯಲ್ಲಿ ಅನ್ನ ಬಿಟ್ಟಾಗ, ಹಳೆಯ ಅಂಗಿ ಬೇಡವೆಂದಾಗ, "ಇಲ್ಲದವರನ್ನು ನೋಡು, ಆಮೇಲೆ ದೇವರಿಗೆ ಸ್ತೋತ್ರ ಹೇಳು" ಎನ್ನುವವರು ನಾವೇ ಅಲ್ಲವೇ? ಮಕ್ಕಳಿಗೆ ದೇವರ ಉಪಕಾರಸ್ಮರಣೆಯನ್ನು ಕಲಿಸಲು ಇದೇ ಸುಲಭದ ದಾರಿಯೆಂದು ಬಹುಪಾಲು ಹೆತ್ತವರು ನಂಬಿದ್ದಾರೆ. ಇದು ಉಪಕಾರಸ್ಮರಣೆಯಲ್ಲ, ಅಹಂಕಾರಕ್ಕೆ ತೊಡಿಸಿದ ಪ್ರಾರ್ಥನೆಯ ಉಡುಪು ಎಂದು ಹೇಳಲೆಂದೇ ಇಂದು ಬರೆಯಲು ಕುಳಿತಿದ್ದೇನೆ.

ಹೀಗೆನ್ನುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತು. ಎಂಟನೆಯ ತರಗತಿಯಲ್ಲಿ ಮಕ್ಕಳು ಯಾವುದೋ ಕೊರತೆಯ ಬಗ್ಗೆ ಗೊಣಗುತ್ತಿದ್ದರು. ಬರಿಗಾಲಿನಲ್ಲಿ ಬಹುದೂರದಿಂದ ನಡೆದು ಬರುತ್ತಿದ್ದ ಹುಡುಗನೊಬ್ಬನನ್ನು ಎಬ್ಬಿಸಿ ನಿಲ್ಲಿಸಿ, "ಇವನನ್ನು ನೋಡಿ, ನಿಮಗೆ ದೇವರು ಎಷ್ಟು ಕೊಟ್ಟಿದ್ದಾನೆಂದು ತಿಳಿಯುತ್ತದೆ" ಎಂದೆ. ತರಗತಿ ನಿಶ್ಶಬ್ದವಾಯಿತು. ಒಳ್ಳೆಯ ಪಾಠ ಮಾಡಿದೆನೆಂದು ಹಿಗ್ಗಿದೆ. ಮರುದಿನದಿಂದ ಆ ಹುಡುಗ ಕೊನೆಯ ಬೆಂಚಿಗೆ ಹೋಗಿ ಕುಳಿತ. ವರ್ಷ ಮುಗಿಯುವವರೆಗೆ ನನ್ನ ಒಂದು ಪ್ರಶ್ನೆಗೂ ಕೈ ಎತ್ತಲಿಲ್ಲ. ಬಿ.ಎಡ್. ತರಬೇತಿಯಲ್ಲಿ ಬೋಧನೋಪಕರಣಗಳ ಬಗ್ಗೆ ಬಹಳ ಓದಿದ್ದೆ. ಒಬ್ಬ ಮನುಷ್ಯನನ್ನೇ ಬೋಧನೋಪಕರಣವಾಗಿ ಬಳಸಬಾರದೆಂಬುದನ್ನು ಆ ಹುಡುಗನ ಮೌನ ಕಲಿಸಿತು, ಅದೂ ಬಹಳ ತಡವಾಗಿ.

ಸತ್ಯವೇದವನ್ನು ದಿನವೂ ಓದುವ ನಮಗೆ ಇದು ತಿಳಿಯದಿರುವುದೇ ಸೋಜಿಗ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ದೇವಾಲಯಕ್ಕೆ ಹೋದ ಫರಿಸಾಯನ ಪ್ರಾರ್ಥನೆ ಸ್ತೋತ್ರದಿಂದಲೇ ಆರಂಭವಾಗುತ್ತದೆ. ತಾನು ಬೇರೆಯವರಂತಲ್ಲ, ಅಲ್ಲಿ ನಿಂತಿರುವ ಸುಂಕದವನಂತೆಯೂ ಅಲ್ಲ ಎಂಬುದೇ ಅವನ ಸ್ತೋತ್ರಕ್ಕೆ ಕಾರಣ. ಯೇಸು ಮೆಚ್ಚಿದ್ದು ದೂರದಲ್ಲಿ ನಿಂತು ಎದೆ ಬಡಿದುಕೊಂಡ ಸುಂಕದವನನ್ನು. ಸಂಡೇ ಸ್ಕೂಲಿನಲ್ಲಿ ಈ ಸಾಮತಿಯನ್ನು ಕಥೆಯಾಗಿ ಕಲಿಸುವ ನಾವು, ಮನೆಯ ಊಟದ ಮೇಜಿನಲ್ಲಿ ಫರಿಸಾಯನ ಪ್ರಾರ್ಥನೆಯನ್ನೇ ಮಕ್ಕಳ ಬಾಯಿಪಾಠ ಮಾಡಿಸುತ್ತಿದ್ದೇವೆ.

"ಹಾಗಾದರೆ ಇದ್ದುದರ ಬೆಲೆ ಮಕ್ಕಳಿಗೆ ತಿಳಿಯುವುದಾದರೂ ಹೇಗೆ?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಉತ್ತರವಿದೆ. ಪ್ರಥಮ ಫಲವನ್ನು ಬುಟ್ಟಿಯಲ್ಲಿಟ್ಟು ತಂದವನು ದೇವರ ಮುಂದೆ ಏನು ಹೇಳಬೇಕೆಂದು ಅಲ್ಲಿ ವಿಧಿಸಲಾಗಿದೆ. ನಾವು ಇಲ್ಲದವರಂತಲ್ಲ ಎಂದು ಅವನು ಹೇಳುವುದಿಲ್ಲ. ನಮ್ಮ ಮೂಲಪುರುಷ ಅಲೆಮಾರಿಯಾಗಿದ್ದ, ಐಗುಪ್ತದಲ್ಲಿ ನಾವು ದಾಸರಾಗಿ ನರಳಿದೆವು ಎಂದು ನೆನೆಯುತ್ತಾನೆ. ಬಳಿಕ ಭೂಮಿಯಿಲ್ಲದ ಲೇವಿಯರನ್ನೂ ಪರದೇಶದವರನ್ನೂ ಕೂಡಿಕೊಂಡು ಸಂತೋಷಪಡಬೇಕು. ಅಂದರೆ ಇಲ್ಲದವನು ಅಲ್ಲಿ ಉದಾಹರಣೆಯಲ್ಲ, ಪಂಕ್ತಿಯಲ್ಲಿ ಜೊತೆಗೆ ಕೂರುವ ಅತಿಥಿ.

ನಮ್ಮ ಮನೆತನಗಳಿಗೂ ಇಂಥ ಬುಟ್ಟಿಯ ಕಥೆಯಿದೆ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದ ಕಾರಣಕ್ಕೆ ನೆಲೆಯನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಜೀವನೋಪಾಯವಾದದ್ದು ನೇಯ್ಗೆಯ ಮಗ್ಗ ಮತ್ತು 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆ. ನನ್ನ ಅಜ್ಜ ಆವೆಮಣ್ಣು ತುಳಿದು ಮಕ್ಕಳನ್ನು ಸಾಕಿದವರು. ಆ "ಪಾಪದವರು" ನಾವೇ ಆಗಿದ್ದೆವು. ನಮ್ಮ ಮೊಮ್ಮಕ್ಕಳಲ್ಲಿ ಎಷ್ಟು ಮಂದಿಗೆ ಇದನ್ನು ಹೇಳಿದ್ದೇವೆ?

ಜರ್ಮನಿಯ ಐಲೆನ್‌ಬುರ್ಗ್‌ನ ಸಭಾಪಾಲಕ ಮಾರ್ಟಿನ್ ರಿಂಕಾರ್ಟ್ ಅವರನ್ನೂ ನೆನೆಯಬೇಕು. 1618ರಿಂದ 1648ರವರೆಗೆ ನಡೆದ ಯುದ್ಧದ ನಡುವೆ, 1637ರಲ್ಲಿ ಆ ಪಟ್ಟಣಕ್ಕೆ ಪ್ಲೇಗು ಬಡಿಯಿತು. ಅವರು ಸಾವಿರಾರು ಜನರ ಶವಸಂಸ್ಕಾರ ನಡೆಸಿದರು. ಅವರ ಹೆಂಡತಿಯೂ ತೀರಿಕೊಂಡರು. ಜಗತ್ತಿನಾದ್ಯಂತ ಕ್ರೈಸ್ತರು ಇಂದಿಗೂ ಹಾಡುವ ಅವರ ಕೃತಜ್ಞತಾಗೀತೆ ಮೂಲದಲ್ಲಿ ಊಟದ ಹೊತ್ತಿನ ಒಂದು ಸಣ್ಣ ಪ್ರಾರ್ಥನೆ. ಅದರಲ್ಲಿ ತಾಯಿಯ ತೋಳಿನಿಂದ ಮೊದಲುಗೊಂಡು ದೊರೆತ ದಯೆಯ ನೆನಪಿದೆ, ಕಂಗೆಟ್ಟಾಗ ದಾರಿ ತೋರೆಂಬ ಬೇಡಿಕೆಯಿದೆ. ಇತರರಿಗಿಂತ ನಾವು ಮೇಲೆಂಬ ಸಮಾಧಾನ ಎಲ್ಲಿಯೂ ಇಲ್ಲ. ಸುತ್ತಲೂ ಸಾವು ಕಂಡವನಿಗೆ ಅಂಥ ಸಮಾಧಾನ ಯಾವ ಉಪಯೋಗಕ್ಕೆ? ಹೋಲಿಕೆಯ ಮೇಲೆ ಕಟ್ಟಿದ ಸ್ತೋತ್ರ ನಾವು ಕೆಳಗಿಳಿದ ದಿನವೇ ಕುಸಿಯುತ್ತದೆ. ಅಪ್ಪನ ಉದ್ಯೋಗ ಹೋದ ಸಂಜೆ ಆ ಮಗು ಯಾವುದಕ್ಕೆಂದು ಸ್ತೋತ್ರ ಹೇಳೀತು?

ಹೆತ್ತವರಾಗಿರುವ ನನ್ನ ವಿದ್ಯಾರ್ಥಿಗಳೇ, ನೀವು ಮಾಡಬೇಕಾದದ್ದು ದೊಡ್ಡದೇನಲ್ಲ. ಅನ್ನಕ್ಕಾಗಿ ಸ್ತೋತ್ರ ಹೇಳುವಾಗ ಗದ್ದೆಯಲ್ಲಿ ನಾಟಿ ಮಾಡಿದವರನ್ನು, ಅಡುಗೆ ಮಾಡಿದವರನ್ನು ಹೆಸರಿಟ್ಟು ನೆನೆಯಲು ಮಕ್ಕಳಿಗೆ ಹೇಳಿಕೊಡಿ. ಬೆಳೆಹಬ್ಬದಂದು ಚರ್ಚಿನ ಏಲಂನಲ್ಲಿ ನೀವು ಸಾವಿರ ರೂಪಾಯಿಗೆ ಕೂಗಿ ಕೊಳ್ಳುವ ಕುಂಬಳಕಾಯಿಗಿಂತ, ಮಗು ತಾನೇ ನೀರೆರೆದು ಬೆಳೆಸಿ ಕೊಂಡೊಯ್ದ ಒಂದು ಹಿಡಿ ಅಲಸಂಡೆ ಹೆಚ್ಚು ಕಲಿಸುತ್ತದೆ. ಪ್ರಾರ್ಥನೆಯ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಯಾರಾದರೂ ನಿಂತಿದ್ದರೆ ಮೊದಲು ಅವರಿಗೆ ಒಂದು ಕುರ್ಚಿ ಹಾಕಿ, ಆಮೇಲೆ ಕಣ್ಣು ಮುಚ್ಚಿ.

ಕೊನೆಯ ಬೆಂಚಿಗೆ ಹೋದ ಆ ಹುಡುಗ ಈಗ ಐವತ್ತರ ಆಸುಪಾಸಿನಲ್ಲಿರಬೇಕು. ಇದನ್ನು ಓದುತ್ತಿದ್ದರೆ ಅವನಿಗೆ ಒಂದು ಮಾತು: ಅಂದು ನಾನು ಮಾಡಿದ್ದು ತಪ್ಪು, ಕ್ಷಮಿಸು. ಬಂಧುಗಳ ಮನೆಗೆ ಮುಂದಿನ ವಾರ ಪುನಃ ಹೋಗಲಿದ್ದೇನೆ. ಅವರಿಗೆ ಬೇಸರವಾದರೂ ಸರಿ, ಈ ಮಾತನ್ನು ಎದುರಿನಲ್ಲೇ ಹೇಳುತ್ತೇನೆ.